ಭಾನುವಾರದ ಆ ಎರಡು ತಾಸು

ಬೀದರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಮಕ್ಕಳ ಕ್ರೀಡಾಕೂಟ ನಡೆಸುವ ಅಧಿಕಾರಿಗಳಿಗೆ, ಪಿ.ಟಿ. ಸರ್‌ಗಳಿಗೆ, ಕೋಚ್‌ಗಳಿಗೆ, ಹಾಗೇ ನಮ್ಮ ಚರ್ಚಿನ ಸಭಾಪಾಲಕರಿಗೆ, ಸಭೆಯ ಹಿರಿಯರಿಗೆ,

ಎಲ್ಲರಿಗೂ ವಂದನೆಗಳು.

ನಾನು ಬೀದರಿನವಳು, ಸ್ಟಾಫ್ ನರ್ಸ್. ಯಜಮಾನರು ಬಸ್ ಕಂಡಕ್ಟರ್. ನಮ್ಮದು ಮೆಥಡಿಸ್ಟ್ ಕ್ರೈಸ್ತ ಮನೆತನ. ಡ್ಯೂಟಿ ಬಿದ್ದಾಗ, ಹೆರಿಗೆ ಆದಾಗ, ಕೊರೊನಾದಲ್ಲಿ ಚರ್ಚಿನ ಬಾಗಿಲು ಮುಚ್ಚಿದ್ದಾಗ ಬಿಟ್ಟರೆ ಭಾನುವಾರದ ಆರಾಧನೆ ತಪ್ಪಿಸಿದ ನೆನಪು ನನಗಿಲ್ಲ. ಮಗಳು ಎಂಟನೇ ಕ್ಲಾಸ್. ಖೋ-ಖೋ ಆಡುತ್ತಾಳೆ. ಚೆನ್ನಾಗಿ ಆಡುತ್ತಾಳೆ. ಹೆತ್ತವಳು ಅಂತ ಹೇಳುತ್ತಿಲ್ಲ, ಅವಳ ಮೊಣಕಾಲು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಈ ಪತ್ರವನ್ನು ಎರಡೂ ಕಡೆಯವರಿಗೆ ಸೇರಿಸಿ ಬರೆಯುತ್ತಿದ್ದೇನೆ. ಯಾಕೆಂದರೆ ನೀವಿಬ್ಬರೂ ಕೇಳುತ್ತಿರುವುದು ಒಂದೇ ಹೊತ್ತನ್ನು. ಭಾನುವಾರ ಬೆಳಗ್ಗೆ ಒಂಬತ್ತರಿಂದ ಹನ್ನೊಂದೂವರೆ. ಆ ಹೊತ್ತಿನ ಬಗ್ಗೆ ನೀವು ಒಬ್ಬರಿಗೊಬ್ಬರು ಯಾವತ್ತೂ ಮಾತಾಡಿಲ್ಲ. ಇಬ್ಬರೂ ಮಾತಾಡಿದ್ದು ನನ್ನ ಮಗಳ ಜೊತೆ ಮಾತ್ರ. ಅವಳಿಗೆ ಈಗ ಹದಿಮೂರು.

ಹೋದ ವರ್ಷ ನಡೆದದ್ದು ಹೇಳುತ್ತೇನೆ. ಯಾವ ತಂಡ, ಯಾವ ಸಭೆ ಅಂತ ಹೇಳುವುದಿಲ್ಲ. ಯಾರ ಮಾನ ಕಳೆಯುವುದೂ ನನಗೆ ಬೇಕಿಲ್ಲ, ಇದು ಒಂದೇ ಮನೆಯಲ್ಲಿ ನಡೆದದ್ದೂ ಅಲ್ಲ ಅಂತ ನನಗೆ ಗೊತ್ತು.

ಒಂದು ಶುಕ್ರವಾರ ರಾತ್ರಿ ಹತ್ತು ಗಂಟೆ ಹತ್ತಿರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮೆಸೇಜ್ ಬಂತು. ಭಾನುವಾರ ಬೆಳಗ್ಗೆ ಎಂಟೂವರೆಗೆ ಆಯ್ಕೆ, ಬಾರದವರ ಹೆಸರು ಪರಿಗಣಿಸುವುದಿಲ್ಲ ಅಂತ. ಅದು ತಿಂಗಳ ಮೊದಲ ಭಾನುವಾರ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಇರುವ ದಿನ. ಅದರ ಜೊತೆಗೆ ಸಂಡೇ ಸ್ಕೂಲ್ ಮಕ್ಕಳ ಹಾಡಿತ್ತು, ಒಂದು ಚರಣವನ್ನು ಇವಳು ಒಬ್ಬಳೇ ಹಾಡಬೇಕಿತ್ತು. ಮೂರು ವಾರದಿಂದ ಬಟ್ಟೆ ಒಗೆಯುವಾಗ, ಜಡೆ ಹಾಕಿಸಿಕೊಳ್ಳುವಾಗ ಅದನ್ನೇ ಗುನುಗುತ್ತಿದ್ದಳು. ನಾನು ಸರ್‌ಗೆ ಫೋನ್ ಮಾಡಿ ಹನ್ನೆರಡು ಗಂಟೆಗೆ ನೋಡುತ್ತೀರಾ ಅಂತ ಕೇಳಿದೆ. ಅವರು ಸಿಟ್ಟೇನೂ ಮಾಡಲಿಲ್ಲ. "ಮೇಡಂ, ನಲವತ್ತು ಮಕ್ಕಳು ಬರ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಟೈಮ್ ಕೊಡೋಕೆ ಆಗಲ್ಲ" ಅಂದರು. ಅದೂ ನಿಜವೇ.

ಮಗಳು ಹಾಡಿದಳು. ಹಾಡಿ, ಕರ್ತನ ಭೋಜನ ಮುಗಿಯುವ ತನಕ ಕೂತು, ಅವಳ ಕಾಕಾನ ಬೈಕಿನಲ್ಲಿ ಮೈದಾನಕ್ಕೆ ಹೋದಳು. ತಲುಪಿದಾಗ ಹನ್ನೊಂದೂ ಮುಕ್ಕಾಲು. ಪಟ್ಟಿ ಓದಿ ಆಗಿತ್ತು. ಆದರೂ ಇವಳು ಬಟ್ಟೆ ಬದಲಾಯಿಸಿ, ಶೂ ಲೇಸ್ ಕಟ್ಟಿ, ಮೆಟ್ಟಿಲ ಮೇಲೆ ಒಂದು ತಾಸು ಕೂತಿದ್ದಳಂತೆ. ಯಾರಾದರೂ ಕರೆಯಬಹುದು ಅಂತ. ನಮ್ಮ ಮೈದುನ ಮನೆಗೆ ಬಂದು ಇದನ್ನು ಹೇಳುವಾಗ ಅವನ ಧ್ವನಿ ನಡುಗುತ್ತಿತ್ತು. ಇವಳು ಮಾತ್ರ ಅಳಲಿಲ್ಲ.

ಆಮೇಲೆ ಬೇರೆ ಒಂದು ತಂಡಕ್ಕೆ ಸೇರಿದಳು. ಅಲ್ಲಿ ಕ್ಯಾಂಪ್ ಅಂತ ಸತತವಾಗಿ ನಾಲ್ಕು ಭಾನುವಾರ ಆರಾಧನೆ ತಪ್ಪಿತು. ಐದನೇ ಭಾನುವಾರ ಬಂದು ಮೂರನೇ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದಳು. ಪ್ರಕಟಣೆಗಳ ಹೊತ್ತಿನಲ್ಲಿ ಒಬ್ಬ ಹಿರಿಯರು ಮೈಕ್ ಹಿಡಿದು, ಈಗಿನ ಕೆಲವು ಮಕ್ಕಳಿಗೆ ದೇವರಿಗಿಂತ ಚೆಂಡು ದೊಡ್ಡದಾಗಿದೆ ಅಂದರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಹತ್ತು ಜನ ತಿರುಗಿ ನಮ್ಮ ಸಾಲು ನೋಡಿದರು. ಖೋ-ಖೋದಲ್ಲಿ ಚೆಂಡು ಇರುವುದಿಲ್ಲ ಅಣ್ಣಾವ್ರೇ. ಅವಳು ಏನು ಆಡುತ್ತಾಳೆ ಅಂತ ಯಾವತ್ತಾದರೂ ಒಂದು ಸಲ ಕೇಳಿದ್ದರೆ ನಿಮಗೆ ಗೊತ್ತಿರುತ್ತಿತ್ತು. ನಿಮ್ಮ ಮಾತಿಗಿಂತ ನನಗೆ ಜಾಸ್ತಿ ನೋವಾಗಿದ್ದು ಅದಕ್ಕೇ. ನಮ್ಮ ಮಕ್ಕಳು ವಾರವಿಡೀ ಏನು ಮಾಡುತ್ತಾರೆ ಅಂತ ನಮ್ಮ ಸಭೆಗೆ ಗೊತ್ತೇ ಇಲ್ಲ.

ಈ ಎರಡನ್ನೂ ನಾನು ಸಹಿಸಿಕೊಂಡಿದ್ದೆ. ಈ ಪತ್ರ ಬರೆಸಿದ್ದು ಮೂರನೆಯದು.

ಕೆಲವು ವಾರಗಳ ಹಿಂದೆ ತರಕಾರಿ ತರುವಾಗ ಇವಳ ಗೆಳತಿಯ ತಾಯಿ ಸಿಕ್ಕರು. "ನಿಮ್ಮ ಮಗಳು ಮೊನ್ನೆ ಮ್ಯಾಚಿಗೆ ಯಾಕ್ರೀ ಬರಲಿಲ್ಲ, ಜ್ವರ ಅಂತಲ್ಲ" ಅಂದರು. ಯಾವ ಮ್ಯಾಚು? ನನಗೆ ಗೊತ್ತೇ ಇರಲಿಲ್ಲ. ಮನೆಗೆ ಬಂದು ಕೇಳಿದರೆ ಮಗಳು ಮೆಸೇಜನ್ನು ಡಿಲೀಟ್ ಮಾಡಿದ್ದಳು. ಸರ್‌ಗೆ ಜ್ವರ ಅಂತ ಸುಳ್ಳು ಹೇಳಿದ್ದಳು. ನಮಗೆ ಹೇಳಿಯೇ ಇರಲಿಲ್ಲ. ಯಾಕೆ ಅಂದದ್ದಕ್ಕೆ, "ನೀನು, ಪಪ್ಪಾ ಮತ್ತೆ ಜಗಳ ಆಡ್ತೀರಲ್ಲ" ಅಂದಳು. ನಿಜ. ನಾನು ಚರ್ಚ್ ಅನ್ನುವುದು, ಅವರು ಮೈದಾನ ಅನ್ನುವುದು ಪ್ರತಿ ಶನಿವಾರ ರಾತ್ರಿ ನಡೆಯುತ್ತಿತ್ತು. ಖೋ-ಖೋದಲ್ಲಿ ಎಂಟು ಜನ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂರುತ್ತಾರೆ, ಒಬ್ಬರು ಮಾತ್ರ ಓಡುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಓಡುತ್ತಿದ್ದದ್ದು ಅವಳು.

ಸುಳ್ಳು ಹೇಳಬಾರದು ಅಂತ ಸಂಡೇ ಸ್ಕೂಲಿನಲ್ಲಿ ಕಲಿತ ಮಗು, ಸಂಡೇ ಸ್ಕೂಲಿಗೆ ಹೋಗುವುದಕ್ಕಾಗಿ ಸುಳ್ಳು ಹೇಳಿದೆ. ಅದಕ್ಕೆ ಕಾರಣ ನಾವು, ದೊಡ್ಡವರು.

ಭಾನುವಾರ ನನಗೆ ಯಾಕೆ ಇಷ್ಟು ಮುಖ್ಯ ಅನ್ನುವುದನ್ನು ಮೊದಲು ಕ್ರೀಡೆಯವರಿಗೆ ಹೇಳಬೇಕು. ನೀವು ಅದನ್ನು ಒಂದು ಹಟ ಅಂದುಕೊಂಡಿದ್ದೀರಿ ಅಂತ ನನಗೆ ಅನಿಸುತ್ತದೆ.

ನಮ್ಮ ಆಯಿ, ಅಂದರೆ ನನ್ನ ತಂದೆಯ ತಾಯಿ, ಭಾಲ್ಕಿ ಕಡೆಯ ಒಂದು ಹಳ್ಳಿಯವಳು. ಅಜ್ಜ ಜೀತಕ್ಕಿದ್ದರು. ಸಾಹುಕಾರರ ಮನೆಯಲ್ಲಿ ದನದ ಕೊಟ್ಟಿಗೆಯಿಂದ ಹಿಡಿದು ಹೊಲದ ತನಕ ಎಲ್ಲ ಕೆಲಸ. ಐತಾರ ಬಂತು ಅಂದರೆ ಆಯಿ ರಾತ್ರಿ ಮೂರು ಗಂಟೆಗೇ ಎದ್ದು ಕೊಟ್ಟಿಗೆ ಬಳಿದು, ಸಗಣಿ ಎತ್ತಿ, ಸ್ನಾನ ಮಾಡಿ, ಇದ್ದ ಒಂದೇ ಬಿಳಿ ಸೀರೆ ಉಟ್ಟು ಆರಾಧನೆಗೆ ನಡೆದುಕೊಂಡು ಹೋಗುತ್ತಿದ್ದಳು. ಹೋಗಬೇಡ ಅಂತ ಸಾಹುಕಾರರು ಎಷ್ಟು ಸಲ ಗದರಿದರೂ ಹೋಗುತ್ತಿದ್ದಳು. ಆ ಬಾಕಿ ಕೆಲಸವನ್ನು ಸೋಮವಾರ ಎರಡರಷ್ಟು ಮಾಡುತ್ತಿದ್ದಳು. ಅವಳು ಅಕ್ಷರ ಕಲಿತದ್ದು ಅಲ್ಲಿ, ಕೀರ್ತನೆ ಪುಸ್ತಕದಲ್ಲಿ ಬೆರಳಿಟ್ಟು. "ವಾರಕ್ಕೆ ಎರಡು ತಾಸು ನನ್ನನ್ನು ಯಾರೂ 'ಏಯ್' ಅಂತ ಕರೀತಿರಲಿಲ್ಲ, ಹೆಸರು ಹಿಡಿದು ಕರೀತಿದ್ರು" ಅಂತ ಸಾಯುವ ತನಕ ಹೇಳುತ್ತಿದ್ದಳು.

ಬೀದರ ಜಿಲ್ಲೆಯಲ್ಲಿ ನಮ್ಮಂಥ ಎಷ್ಟೋ ಕುಟುಂಬಗಳ ಕಥೆ ಇದೇ. ನೂರು ವರ್ಷಕ್ಕೂ ಮೇಲಾಯಿತು ನಮ್ಮ ಹಿರಿಯರು ಈ ದಾರಿಗೆ ಬಂದು. ಹತ್ತು ಆಜ್ಞೆಗಳಲ್ಲಿ ವಿಶ್ರಾಂತಿ ದಿನದ ಆಜ್ಞೆ ಇದೆಯಲ್ಲ, ಅದನ್ನು ಮೋಶೆ ಎರಡನೇ ಸಲ ಹೇಳುವಾಗ ಕಾರಣವನ್ನೂ ಸೇರಿಸುತ್ತಾನೆ. ನೀವು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸರಾಗಿದ್ದಿರಿ, ಅದಕ್ಕೇ ನಿಮ್ಮ ಆಳುಗಳಿಗೂ ನಿಮ್ಮ ಎತ್ತಿಗೂ ಆ ದಿನ ವಿಶ್ರಾಂತಿ ಇರಲಿ ಅಂತ. ಅಂದರೆ ಜೀತದಿಂದ ಬಿಡಿಸಿಕೊಂಡು ಬಂದ ಜನಕ್ಕೆ ಕೊಟ್ಟ ದಿನ ಅದು. ಯೆಹೂದ್ಯರಿಗೆ ಅದು ಶನಿವಾರ. ಕರ್ತನಾದ ಯೇಸು ಸತ್ತು ಮತ್ತೆ ಎದ್ದ ದಿನ ಅಂತ ನಮ್ಮವರು ಭಾನುವಾರ ಕೂಡಲು ಶುರುಮಾಡಿದರು. ಆಯಿಗೆ ಈ ವ್ಯತ್ಯಾಸ ಏನೂ ಗೊತ್ತಿರಲಿಲ್ಲ, ಆದರೆ ಆಜ್ಞೆಯ ಅರ್ಥ ಮಾತ್ರ ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಇದು ನಮ್ಮ ಒಂದು ಧರ್ಮದ ಮಾತೂ ಅಲ್ಲ. ಬಾಂಬೆಯ ಬಟ್ಟೆ ಗಿರಣಿಗಳಲ್ಲಿ ವಾರವಿಡೀ ದುಡಿಯುತ್ತಿದ್ದ ಜನಕ್ಕೆ ಭಾನುವಾರದ ರಜೆ ಸುಮ್ನೆ ಸಿಗಲಿಲ್ಲ. ಜ್ಯೋತಿಬಾ ಫುಲೆಯವರ ಜೊತೆಗಾರ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ ಮೇಲೆ 1890ರಲ್ಲಿ ಗಿರಣಿ ಮಾಲೀಕರು ಒಪ್ಪಿದರು. ಇವತ್ತು ಭಾನುವಾರ ಎಲ್ಲರೂ ಖಾಲಿ ಇರುತ್ತಾರೆ, ಅವತ್ತೇ ಆಯ್ಕೆ ಇಟ್ಟುಬಿಡೋಣ ಅಂತ ನೀವು ಅಂದುಕೊಳ್ಳಲು ಆಗುವುದೇ ಅಂಥವರು ಹೋರಾಡಿದ್ದರಿಂದ.

ಹಾಗಂತ ನಿಮ್ಮ ಕಷ್ಟ ನನಗೆ ತಿಳಿಯುವುದಿಲ್ಲ ಅಂತ ಅಲ್ಲ. ವಾರದ ದಿನ ಮಕ್ಕಳಿಗೆ ಶಾಲೆ ಇದೆ. ಪಿ.ಟಿ. ಸರ್‌ಗಳ ತಲೆ ಮೇಲೆ ಆಟದ ಜೊತೆ ಇನ್ನೂ ಹತ್ತು ಕೆಲಸ ಇರುತ್ತವೆ. ಮೈದಾನ ಸಿಗಬೇಕು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ನಲವತ್ತು ಡಿಗ್ರಿ ದಾಟುತ್ತದೆ, ಹನ್ನೊಂದರ ಮೇಲೆ ಮಕ್ಕಳನ್ನು ಮಣ್ಣಿನಲ್ಲಿ ಓಡಿಸಿದರೆ ನನ್ನಂಥ ನರ್ಸುಗಳೇ ಡ್ರಿಪ್ ಹಾಕಬೇಕಾಗುತ್ತದೆ. ಅದಕ್ಕೇ ನೀವು ಬೆಳಗಿನ ಹೊತ್ತು ಇಡುತ್ತೀರಿ. ಒಪ್ಪುತ್ತೇನೆ.

ಆದರೆ ಶಾಲಾ ಕ್ರೀಡಾಕೂಟ ಜೋರಾಗಿ ನಡೆಯುವುದು ಮಳೆಗಾಲದಲ್ಲಿ, ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ. ಆಗ ಮಧ್ಯಾಹ್ನ ಮೂರರ ಮೇಲೆ ಹವೆ ಚೆನ್ನಾಗಿಯೇ ಇರುತ್ತದೆ. ಶನಿವಾರ ಶಾಲೆ ಅರ್ಧ ದಿನ. ಶನಿವಾರ ಮಧ್ಯಾಹ್ನ ಆಯ್ಕೆ ಇಡಬಹುದಲ್ವಾ? ಬೇಸಿಗೆ ಕ್ಯಾಂಪ್ ಆದರೆ ಸಂಜೆ ಐದರ ಮೇಲೆ ಇಡಬಹುದು. ಭಾನುವಾರ ಬೆಳಗ್ಗೆಯೇ ಆಗಬೇಕು ಅನ್ನುವ ಅನಿವಾರ್ಯ ಬಂದರೆ, ಮಕ್ಕಳನ್ನು ಎರಡು ಬ್ಯಾಚ್ ಮಾಡಿ. ಮೊದಲನೇ ಬ್ಯಾಚ್ ಏಳಕ್ಕೆ, ಎರಡನೇ ಬ್ಯಾಚ್ ಹನ್ನೆರಡಕ್ಕೆ. ಯಾರು ಯಾವ ಬ್ಯಾಚ್ ಅಂತ ಮಕ್ಕಳೇ ಹೇಳಲಿ, ಕಾರಣ ಕೇಳಬೇಡಿ. ಚರ್ಚಿಗೆ ಹೋಗುವವರಿಗಷ್ಟೇ ಅಲ್ಲ, ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಬರುವ ಮಕ್ಕಳಿಗೂ ಅದರಿಂದ ಅನುಕೂಲ. ಔರಾದ ಕಡೆಯಿಂದ ಬರುವ ಮಗು ಎಂಟೂವರೆಗೆ ಬೀದರಿನ ಮೈದಾನದಲ್ಲಿ ಇರಬೇಕು ಅಂದರೆ ಎಷ್ಟು ಗಂಟೆಗೆ ಏಳಬೇಕು ಅಂತ ಒಮ್ಮೆ ಯೋಚಿಸಿ.

ನೀವು ಹೊಂದಿಸಿಕೊಳ್ಳಬಲ್ಲಿರಿ ಅಂತ ನನಗೆ ಗೊತ್ತು. ನಮ್ಮೂರಿನಲ್ಲಿ ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಆಟ ನಿಲ್ಲಿಸಿ, ಮುಸ್ಲಿಂ ಮಕ್ಕಳು ಹೋಗಿ ಬಂದ ಮೇಲೆ ಶುರುಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಯಾರೂ ಅರ್ಜಿ ಕೊಟ್ಟಿರಲಿಲ್ಲ, ಸರ್ ಸುಮ್ನೆ ಗಡಿಯಾರ ನೋಡಿ "ಹೋಗಿ ಬನ್ನಿ" ಅಂದರು. ಎಷ್ಟು ಚೆಂದ ಅನಿಸಿತು ಗೊತ್ತಾ. ಇದನ್ನು ದೂರು ಅಂತ ಹೇಳುತ್ತಿಲ್ಲ. ನಮ್ಮ ಊರಿನ ಗುಣವೇ ಅದು, ಅದೇ ಗುಣವನ್ನು ಇನ್ನೊಂದು ದಿನಕ್ಕೂ ಚಾಚಿ ಅಂತ ಕೇಳುತ್ತಿದ್ದೇನೆ. ನಾವು ಸಂಖ್ಯೆಯಲ್ಲಿ ಸ್ವಲ್ಪ, ತಂಡಕ್ಕೆ ಒಬ್ಬರೋ ಇಬ್ಬರೋ ಇರುತ್ತೇವೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಬೇಡಿಕೆ ಒಂದಿದೆ. ದಿನಾಂಕವನ್ನು ಮೊದಲೇ ಹೇಳಿ.

ಇಲ್ಲಿ ಒಂದು ಕಥೆ ಹೇಳಬೇಕು, ಇದು ಸಭೆಯವರಿಗೂ ಬೇಕಾದದ್ದು. ಎರಿಕ್ ಲಿಡೆಲ್ ಅಂತ ಸ್ಕಾಟ್ಲೆಂಡಿನ ಓಟಗಾರ. ನಮ್ಮ ಪಾಸ್ಟರ್‌ಗಳು ಪ್ರಸಂಗದಲ್ಲಿ ಆಗಾಗ ಅವರ ಹೆಸರು ಹೇಳುತ್ತಾರೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಹೀಟ್ಸ್, ಅಂದರೆ ಮೊದಲ ಸುತ್ತಿನ ಓಟಗಳು, ಭಾನುವಾರ ಇದ್ದವು. ಭಾನುವಾರ ನಾನು ಓಡುವುದಿಲ್ಲ ಅಂದರು. ಬದಲಿಗೆ 400 ಮೀಟರ್ ಓಡಿ 47.6 ಸೆಕೆಂಡಿನ ವಿಶ್ವದಾಖಲೆ ಮಾಡಿ ಚಿನ್ನ ಗೆದ್ದರು, 200 ಮೀಟರ್‌ನಲ್ಲಿ ಕಂಚು. ಪ್ರಸಂಗದಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ನೋಡಿ ಮಕ್ಕಳೇ, ದೇವರನ್ನು ಮೊದಲಿಟ್ಟರೆ ಚಿನ್ನ ಸಿಗುತ್ತದೆ ಅಂತ.

ಆದರೆ ವೇಳಾಪಟ್ಟಿ ಲಿಡೆಲ್‌ಗೆ ತಿಂಗಳುಗಳ ಮೊದಲೇ ಗೊತ್ತಿತ್ತು. ಅದಕ್ಕೇ ಅವರು ನಿರ್ಧಾರ ಮಾಡಿ, 400 ಮೀಟರ್‌ಗೆ ತಯಾರಿ ಮಾಡಿಕೊಳ್ಳಲು ಆಯಿತು. ನಮ್ಮ ಮಕ್ಕಳಿಗೆ ಸಿಗುವುದು ಶುಕ್ರವಾರ ರಾತ್ರಿಯ ಒಂದು ಮೆಸೇಜ್. ಅಷ್ಟರಲ್ಲಿ ಮಗು ಯಾರನ್ನು ಕೇಳಬೇಕು? ಯಾರಿಗೆ ಏನು ಹೇಳಬೇಕು? ಆಮೇಲೆ ಲಿಡೆಲ್ ದೊಡ್ಡವರು, ಬುದ್ಧಿ ಬಲಿತವರು. ತಮ್ಮ ನಿರ್ಧಾರ ತಾವೇ ಮಾಡಿದರು. ಹದಿಮೂರು ವರ್ಷದ ಹುಡುಗಿಯಿಂದ ಅದೇ ತ್ಯಾಗ ಕೇಳುವ ಮೊದಲು ನಾವು ದೊಡ್ಡವರು ಏನು ಬಿಟ್ಟಿದ್ದೇವೆ ಅಂತ ನೋಡಿಕೊಳ್ಳಬೇಕಲ್ವಾ?

ಆ ಕಥೆಯ ಉಳಿದ ಅರ್ಧವನ್ನು ನಾನು ಯಾವ ಪ್ರಸಂಗದಲ್ಲೂ ಕೇಳಿಲ್ಲ. ಲಿಡೆಲ್ ಮಿಷನರಿಯಾಗಿ ಚೀನಾಕ್ಕೆ ಹೋದರು. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಅವರನ್ನು ವೈಶಿಯೆನ್ ಅನ್ನುವಲ್ಲಿ ಬಂಧನ ಶಿಬಿರಕ್ಕೆ ಹಾಕಿದರು. ಅಲ್ಲಿ ತಂದೆ ತಾಯಿಯಿಂದ ದೂರವಾದ ಎಷ್ಟೋ ಮಕ್ಕಳಿದ್ದರು. ಅವರಿಗೆ ಲಿಡೆಲ್ ಪಾಠ ಹೇಳುತ್ತಿದ್ದರು, ಆಟ ಆಡಿಸುತ್ತಿದ್ದರು, ಭಾನುವಾರ ಮಾತ್ರ ಇಲ್ಲ. ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಪಂದ್ಯ ಆಡಲು ಹೋಗಿ, ನೋಡಿಕೊಳ್ಳಲು ದೊಡ್ಡವರು ಯಾರೂ ಇಲ್ಲದೆ ಹೊಡೆದಾಡಿಕೊಂಡರು. ಮುಂದಿನ ಭಾನುವಾರ ಲಿಡೆಲ್ ತಾವೇ ಮೈದಾನಕ್ಕೆ ಬಂದು ರೆಫರಿಯಾಗಿ ನಿಂತರು. ತಮಗೆ ಚಿನ್ನ ಸಿಗುವಾಗ ಬಿಡದ ನಿಯಮವನ್ನು ಮಕ್ಕಳಿಗೋಸ್ಕರ ಬಿಟ್ಟರು. 1945ರ ಫೆಬ್ರುವರಿಯಲ್ಲಿ ಅದೇ ಶಿಬಿರದಲ್ಲಿ ತೀರಿಕೊಂಡರು, ಆಗ ಅವರಿಗೆ 43 ವರ್ಷ. ನಮ್ಮ ಹಿರಿಯರೇ, ದಯವಿಟ್ಟು ಮುಂದಿನ ಸಲ ಲಿಡೆಲ್ ಕಥೆ ಹೇಳುವಾಗ ಈ ಭಾನುವಾರವನ್ನೂ ಹೇಳಿ.

ಈಗ ನಮ್ಮ ಸಭೆಗೇ ಸ್ವಲ್ಪ ಜಾಸ್ತಿ ಹೇಳಬೇಕು. ಹೊರಗಿನವರಿಗಿಂತ ಮನೆಯವರ ಹತ್ತಿರ ಜೋರಾಗಿ ಮಾತಾಡುವ ಹಕ್ಕು ಇರುತ್ತದೆ ಅಂದುಕೊಂಡು ಹೇಳುತ್ತೇನೆ.

ನಾನು ತಿಂಗಳಿಗೆ ಎರಡು ಭಾನುವಾರ ಡ್ಯೂಟಿಯಲ್ಲಿ ಇರುತ್ತೇನೆ. ನಮ್ಮ ಸಭೆಯಲ್ಲಿ ನರ್ಸುಗಳು ಎಷ್ಟಿದ್ದೇವೆ ಅಂತ ನಿಮಗೇ ಗೊತ್ತು. ನಾವು ಬಾರದಿದ್ದರೆ "ಪಾಪ, ಸೇವೆ ಮಾಡ್ತಾರೆ" ಅನ್ನುತ್ತೀರಿ. ಯಜಮಾನರು ಬಸ್ಸಿನಲ್ಲಿದ್ದರೆ "ಹೊಟ್ಟೆಪಾಡು" ಅನ್ನುತ್ತೀರಿ. ಮದುವೆ ಸೀಸನ್ನಿನಲ್ಲಿ ಅರ್ಧ ಸಭೆ ಖಾಲಿ ಇದ್ದರೂ ಯಾರೂ ಮೈಕಿನಲ್ಲಿ ಮಾತಾಡುವುದಿಲ್ಲ. ಮಗು ಮೈದಾನಕ್ಕೆ ಹೋದರೆ ಮಾತ್ರ ಅದು ನಂಬಿಕೆಯ ಪ್ರಶ್ನೆ ಆಗುತ್ತದೆ. ಯಾಕೆ? ಆಟವನ್ನು ನಾವು ಕೆಲಸ ಅಂತಲೂ ಎಣಿಸುವುದಿಲ್ಲ, ವರ ಅಂತಲೂ ಎಣಿಸುವುದಿಲ್ಲ. ಹಾಡು ಹೇಳಿದರೆ ದೇವರು ಕೊಟ್ಟ ವರ, ಕೀಬೋರ್ಡ್ ನುಡಿಸಿದರೆ ವರ. ಮಣ್ಣಿಗೆ ಎದೆ ಕೊಟ್ಟು ಡೈವ್ ಹೊಡೆದು ಓಟಗಾರ್ತಿಯನ್ನು ಮುಟ್ಟುವುದು ಯಾರು ಕೊಟ್ಟದ್ದು ಹಾಗಾದರೆ? ನಮ್ಮಂಥ ಮನೆಯ ಹುಡುಗಿಗೆ ಕ್ರೀಡಾ ವಸತಿ ನಿಲಯದ ಒಂದು ಸೀಟು, ಕ್ರೀಡಾ ಕೋಟಾದ ಒಂದು ಅರ್ಜಿ ಏನನ್ನು ಬದಲಾಯಿಸಬಲ್ಲದು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ದೇಹದ ಸಾಧನೆಯಿಂದ ಲಾಭ ಸ್ವಲ್ಪವೇ ಅಂತ ಬೈಬಲಿನಲ್ಲಿ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದದ್ದನ್ನು ನೀವು ಹೇಳುತ್ತೀರಿ. ಸ್ವಲ್ಪ ಅಂದಿದ್ದಾನೆ, ಇಲ್ಲವೇ ಇಲ್ಲ ಅಂದಿಲ್ಲ. ಅದೇ ಪೌಲನು ಕೊರಿಂಥದವರಿಗೆ ಬರೆಯುವಾಗ ಓಟದ ಪಂದ್ಯದ ಮಾತು ತೆಗೆದು, ಬಹುಮಾನ ಸಿಗುವ ಹಾಗೆ ಓಡಿರಿ ಅನ್ನುತ್ತಾನೆ. ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್‌ಮಿಯನ್ ಆಟಗಳು ನಡೆಯುತ್ತಿದ್ದವು, ಗೆದ್ದವರಿಗೆ ಬಾಡಿಹೋಗುವ ಎಲೆಯ ಕಿರೀಟ ಹಾಕುತ್ತಿದ್ದರು. ಆ ಜನ ಕಂಡದ್ದನ್ನೇ ಹಿಡಿದು ಅವನು ಅವರಿಗೆ ಬೋಧಿಸಿದ. ಚರ್ಚಿಗೂ ಆಟಕ್ಕೂ ಆಮೇಲೂ ದ್ವೇಷ ಇರಲಿಲ್ಲ. ನಮ್ಮ ಹಳ್ಳಿ ಹಳ್ಳಿಯಲ್ಲಿ ಸಂಜೆ ಹುಡುಗರು ನೆಟ್ ಕಟ್ಟಿ ಆಡುವ ವಾಲಿಬಾಲ್ ಹುಟ್ಟಿದ್ದೇ 1895ರಲ್ಲಿ ಅಮೆರಿಕದ ಒಂದು ವೈಎಂಸಿಎಯಲ್ಲಿ, ಅಂದರೆ ಕ್ರೈಸ್ತ ಯುವಕರ ಸಂಘದಲ್ಲಿ. ನಮ್ಮ ದೇಶದಲ್ಲಿ ಪಿ.ಟಿ. ಶಿಕ್ಷಕರನ್ನು ತಯಾರು ಮಾಡುವ ಕಾಲೇಜನ್ನು 1920ರಲ್ಲಿ ಮದ್ರಾಸಿನಲ್ಲಿ ಶುರುಮಾಡಿದ್ದೂ ವೈಎಂಸಿಎಯವರೇ.

ನಾನು ಕೇಳುವುದು ದೊಡ್ಡದೇನಲ್ಲ. ಕ್ರೀಡಾಕೂಟದ ಆ ಎರಡು ಮೂರು ತಿಂಗಳು ಬೆಳಗ್ಗೆ ಆರಕ್ಕೆ ಒಂದು ಚಿಕ್ಕ ಆರಾಧನೆ ಇಡಿ. ಒಂದು ತಾಸು ಸಾಕು. ಎರಡು ಹಾಡು, ವಾಕ್ಯ, ಪ್ರಾರ್ಥನೆ. ನಮ್ಮ ಕಥೋಲಿಕ ಸ್ನೇಹಿತರು ಶನಿವಾರ ಸಂಜೆಯ ಬಲಿಪೂಜೆಗೆ ಹೋದರೆ ಅದು ಭಾನುವಾರಕ್ಕೇ ಸಲ್ಲುತ್ತದೆ, ಅವರ ಸಭೆ ನಿಯಮದಲ್ಲೇ ಅದನ್ನು ಒಪ್ಪಿದೆ. ನಾವು ಮೆಥಡಿಸ್ಟರಂತೂ ಬೆಳಗಿನ ಆರಾಧನೆಗೆ ಹಿಂಜರಿಯಲೇಬಾರದು. ನಮ್ಮ ಪಂಥ ಶುರುಮಾಡಿದ ಜಾನ್ ವೆಸ್ಲಿ ಬೆಳಗ್ಗೆ ಐದು ಗಂಟೆಗೆ ಪ್ರಸಂಗ ಮಾಡುತ್ತಿದ್ದರು, ದುಡಿಯುವ ಜನ ಕೆಲಸಕ್ಕೆ ಹೋಗುವ ಮೊದಲೇ ಕೇಳಿ ಹೋಗಲಿ ಅಂತ. 1739ರಲ್ಲಿ ಬ್ರಿಸ್ಟಲ್ ಪಕ್ಕದ ಕಿಂಗ್ಸ್‌ವುಡ್‌ನಲ್ಲಿ ಕಲ್ಲಿದ್ದಲು ಗಣಿಯವರು ಚರ್ಚಿಗೆ ಬಾರದಿದ್ದಾಗ ಅವರೇ ಬಯಲಿಗೆ ಹೋಗಿ ನಿಂತರು. (ಅದೇ ವೆಸ್ಲಿ ಕಿಂಗ್ಸ್‌ವುಡ್‌ನಲ್ಲಿ ತೆರೆದ ಶಾಲೆಯಲ್ಲಿ ಮಕ್ಕಳಿಗೆ ಆಟಕ್ಕೇ ಬಿಡುತ್ತಿರಲಿಲ್ಲ, ಅದನ್ನೂ ಹೇಳಬೇಕು. ಎಲ್ಲದರಲ್ಲೂ ಅವರ ಹಾಗೇ ಇರೋಣ ಅಂತ ನಾನು ಹೇಳುವುದಿಲ್ಲ.)

ಪಾಸ್ಟರ್ ಅವರಿಗೆ ಭಾನುವಾರ ಒಂದೇ ಚರ್ಚ್ ಇರುವುದಿಲ್ಲ, ಸುತ್ತಲ ಹಳ್ಳಿಗಳಿಗೂ ಓಡಾಡಬೇಕು, ಅವರ ಮೇಲೆ ಇನ್ನೊಂದು ಹೊರೆ ಹೇಗೆ ಹಾಕುವುದು ಅಂತ ಒಬ್ಬರು ಅಕ್ಕ ನನ್ನನ್ನು ಕೇಳಿದರು. ಸರಿಯಾದ ಪ್ರಶ್ನೆ. ಆದರೆ ಪ್ರಸಂಗ ಮಾಡಬಲ್ಲ ಸ್ಥಳೀಯ ಬೋಧಕರು ನಮ್ಮಲ್ಲಿ ಇದ್ದಾರೆ. ಸಂಡೇ ಸ್ಕೂಲ್ ಟೀಚರ್‌ಗಳಿದ್ದಾರೆ. ಬಾಗಿಲು ತೆರೆದು, ಕಸ ಹೊಡೆದು, ಚಾಪೆ ಹಾಸಿ, ಚಹಾ ಮಾಡುವ ಕೆಲಸ ನನಗಿರಲಿ. ನೈಟ್ ಡ್ಯೂಟಿ ಇದ್ದರೆ ಬೆಳಗ್ಗೆ ಎಂಟರ ತನಕ ನಾನು ಬಿಡುವಾಗುವುದಿಲ್ಲ, ಆ ವಾರ ನಮ್ಮ ಮೈದುನನ ಹೆಂಡತಿ ಬರುತ್ತಾಳೆ, ಕೇಳಿ ಒಪ್ಪಿಸಿದ್ದೇನೆ. ಆರಕ್ಕೆ ಬರುವವರು ಆಟದ ಮಕ್ಕಳು ಮಾತ್ರ ಇರುವುದಿಲ್ಲ, ನೋಡುತ್ತಾ ಇರಿ. ಡ್ಯೂಟಿಗೆ ಹೋಗುವ ನರ್ಸುಗಳು, ಆಟೋ ಓಡಿಸುವವರು, ಹೋಟೆಲ್ ಕೆಲಸದವರು ಎಲ್ಲ ಬರುತ್ತಾರೆ.

ಇನ್ನೊಂದು ಮಾತು. ಮೈಕಿನಲ್ಲಿ ಮಕ್ಕಳ ಬಗ್ಗೆ ಹಾಗೆ ಮಾತಾಡಬೇಡಿ. ಬಾರದ ಮಗುವಿನ ಮನೆಗೆ ಹೋಗಿ, ಒಂದು ಲೋಟ ನೀರು ಕುಡಿದು, ಆಟ ಹೇಗೆ ನಡೀತಿದೆ ಅಂತ ಕೇಳಿ. ಸಾಧ್ಯವಾದರೆ ಒಂದು ಮ್ಯಾಚ್ ನೋಡಲು ಬನ್ನಿ. ಸಭೆಯಿಂದ ನಾಲ್ಕು ಜನ ಗೆರೆಯಾಚೆ ನಿಂತು ಚಪ್ಪಾಳೆ ತಟ್ಟಿದರೆ ಆ ಮಗು ಮುಂದಿನ ಭಾನುವಾರ ಚರ್ಚಿಗೆ ಬಾರದೆ ಇರುತ್ತದೆಯೇ?

ನಮ್ಮ ಮನೆಯಲ್ಲಿ ಏನು ಮಾಡಿಕೊಂಡೆವು ಅಂತಲೂ ಹೇಳಿಬಿಡುತ್ತೇನೆ. ಇದೇ ಸರಿ ಅಂತ ಅಲ್ಲ, ನಮಗೆ ಹೊಂದಿದ್ದು ಇದು. ಜ್ವರದ ಸುಳ್ಳು ಗೊತ್ತಾದ ರಾತ್ರಿ ನಾವು ಮೂವರೂ ನೆಲದ ಮೇಲೆ ಕೂತೆವು. ಚಿಕ್ಕವನು ನಿದ್ದೆ ಹೋಗಿದ್ದ. ಮಗಳ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದೆವು. ಕರ್ತನ ಭೋಜನದ ಭಾನುವಾರ, ಈಸ್ಟರ್, ಗರಿಗಳ ಭಾನುವಾರ, ಕ್ರಿಸ್ಮಸ್ ಇವಿಷ್ಟು ದಿನ ಯಾವ ಮ್ಯಾಚೂ ಇಲ್ಲ, ರಾಜ್ಯಮಟ್ಟದ್ದು ಬಂದರೂ ಇಲ್ಲ. ಉಳಿದಂತೆ ತಿಂಗಳಿಗೆ ಒಂದು ಭಾನುವಾರ ಮೈದಾನಕ್ಕೆ. ಆ ವಾರ ಶನಿವಾರ ರಾತ್ರಿ ಮನೆಯಲ್ಲಿ ಎಲ್ಲರೂ ಕೂತು ಹಾಡಿ ಪ್ರಾರ್ಥನೆ ಮಾಡುವುದು, ಯಜಮಾನರ ಡ್ಯೂಟಿ ಮುಗಿಯುವುದು ಹತ್ತಾದರೂ ಕಾಯುವುದು. ಸುಳ್ಳು ಹೇಳುವ ಹಾಗಿಲ್ಲ, ಸರ್‌ಗೂ ಪಾಸ್ಟರ್‌ಗೂ ನಿಜ ಹೇಳುವುದು, ಹೇಳುವುದು ಅವಳಲ್ಲ, ನಾವು. ಕೊನೆಯ ಸಾಲು ಬರೆಸಿದ್ದು ಯಜಮಾನರು. ಶನಿವಾರ ರಾತ್ರಿ ಇದರ ಬಗ್ಗೆ ಜಗಳ ಇಲ್ಲ ಅಂತ. ಆ ಹಾಳೆ ಅಲ್ಮಾರಿ ಬಾಗಿಲಿಗೆ ಅಂಟಿಸಿದೆ.

ರಾಜ್ಯಮಟ್ಟದ್ದು ಬಂದರೂ ಇಲ್ಲ ಅನ್ನುವ ಸಾಲನ್ನು ಅವಳೇ ಸೇರಿಸಿದ್ದು, ನಾನಲ್ಲ. ನನಗೆ ಆಗ ಎದೆ ಹಿಂಡಿದ ಹಾಗಾಯಿತು. ಮೊದಲ ಖೋ-ಖೋ ವಿಶ್ವಕಪ್ಪಿನ ಫೈನಲ್ ನಡೆದದ್ದು 2025ರ ಜನವರಿ 19ರಂದು, ದೆಹಲಿಯಲ್ಲಿ. ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಆ ಪಂದ್ಯದ ಶ್ರೇಷ್ಠ ಆಟಗಾರ್ತಿ. ಆ ವಿಡಿಯೋವನ್ನು ಮಗಳು ಎಷ್ಟು ಸಲ ನೋಡಿದ್ದಾಳೋ ಲೆಕ್ಕ ಇಲ್ಲ. ಆ ದಿನ ಭಾನುವಾರ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಅಂಥ ಭಾನುವಾರ ಅವಳ ಬದುಕಿನಲ್ಲಿ ಬಂದರೆ ಏನು ಮಾಡುವುದು ಅಂತ ಅವಳು ದೊಡ್ಡವಳಾದ ಮೇಲೆ ಅವಳೇ ತನ್ನ ದೇವರ ಮುಂದೆ ಕೂತು ನಿರ್ಧರಿಸಲಿ. ನಾನು ಅಡ್ಡ ನಿಲ್ಲುವುದಿಲ್ಲ. ಬ್ರಿಟನ್ನಿನ ಅಥ್ಲೀಟ್ ಜೊನಾಥನ್ ಎಡ್ವರ್ಡ್ಸ್ ಭಾನುವಾರ ಅಂತ 1991ರ ವಿಶ್ವ ಚಾಂಪಿಯನ್‌ಶಿಪ್ ಬಿಟ್ಟವರು. 1993ರಲ್ಲಿ ಮನಸ್ಸು ಬದಲಾಯಿಸಿ ಭಾನುವಾರವೂ ಆಡಿದರು, 1995ರಲ್ಲಿ ಟ್ರಿಪಲ್ ಜಂಪ್‌ನಲ್ಲಿ 18.29 ಮೀಟರ್ ಹಾರಿದರು. ಆಟ ನಿಲ್ಲಿಸಿದ ಮೇಲೆ ಅವರು ನಂಬಿಕೆಯನ್ನೂ ಬಿಟ್ಟರು. ನೋಡಿ ಅದಕ್ಕೇ ಅಂತ ಕೆಲವರು ಹೇಳಬಹುದು. ನನಗೆ ಹಾಗನಿಸುವುದಿಲ್ಲ. ನಂಬಿಕೆ ಉಳಿಯುವುದು ಹೋಗುವುದು ಒಂದು ಬೆಳಗಿನ ಹಾಜರಿಯಿಂದ ಅಲ್ಲ. ಆದರೆ ಮಗುವಾಗಿದ್ದಾಗ ಚರ್ಚಿನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತದ್ದು ದೊಡ್ಡವಳಾದ ಮೇಲೂ ನೆನಪಿರುತ್ತದೆ, ಅದು ನನಗೆ ಭಯ.

ಕ್ರೀಡಾಕೂಟ ನಡೆಸುವವರಿಗೆ ಕೊನೆಯದಾಗಿ. ತಾಲ್ಲೂಕಾಗಲಿ, ಜಿಲ್ಲೆಯಾಗಲಿ, ಕಲಬುರಗಿ ವಿಭಾಗದ್ದಾಗಲಿ, ಮುಂದಿನ ಆಯ್ಕೆಯ ದಿನಾಂಕವನ್ನು ಹತ್ತು ದಿನ ಮೊದಲು ಹೇಳಿ. ಅಷ್ಟು ಆಗದಿದ್ದರೆ ಆ ವಾರದ ಮಂಗಳವಾರದೊಳಗಾದರೂ ಹೇಳಿ. ನಮ್ಮ ಡ್ಯೂಟಿ ಪಟ್ಟಿ ಬುಧವಾರ ಹಾಕುತ್ತಾರೆ, ಅಷ್ಟರಲ್ಲಿ ಗೊತ್ತಾದರೆ ಯಾರ ಜೊತೆಗಾದರೂ ಬದಲಾಯಿಸಿಕೊಂಡು ನಾನೇ ಅವಳನ್ನು ಕರೆತರುತ್ತೇನೆ. ಹುಮನಾಬಾದ, ಕಮಲಾಪುರ ದಾಟಿ ಕಲಬುರಗಿಗೆ ಬರಬೇಕಾದರೂ ಸರಿ, ಬೆಳಗಿನ ಬಸ್ಸಿಗೇ ಬರುತ್ತೇವೆ.

ಸಭೆಯ ಹಿರಿಯರಿಗೆ. ಆರು ಗಂಟೆಯ ಆರಾಧನೆಯ ಬಗ್ಗೆ ಮುಂದಿನ ಕಮಿಟಿ ಮೀಟಿಂಗಿನಲ್ಲಿ ಮಾತಾಡಲು ನನಗೆ ಹತ್ತು ನಿಮಿಷ ಕೊಡಿ. ಮಗಳನ್ನೂ ಕರೆತರುತ್ತೇನೆ, ಅವಳು ಏನು ಆಡುತ್ತಾಳೆ ಅಂತ ಅವಳನ್ನೇ ಕೇಳಿ.

ಇಂತಿ,
ಒಬ್ಬ ತಾಯಿ, ಬೀದರ